‘ನೀನ್ಯಾಕೆ ಆ ಅಮ್ಮನ ಹಾಗೆ ಇಲ್ಲ?’ ಎಂದು ಮಗಳು ಕೇಳಿದರೆ

ಪ್ರಶ್ನೆ: ಮೇಡಂ, ನಮ್ಮದು ಉಡುಪಿಯ ಹತ್ತಿರ ಮನೆ. ನನಗೆ 44 ವರ್ಷ, ಸೊಸೈಟಿಯಲ್ಲಿ ಕೆಲಸ. ಗಂಡ ಮಸ್ಕತ್‌ನಲ್ಲಿದ್ದಾರೆ, ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಾರೆ. ಮನೆಯಲ್ಲಿ ನಾನು, ನನ್ನ ಅಮ್ಮ, ಸೆಕೆಂಡ್ ಪಿಯುಸಿ ಓದುವ ಮಗಳು. ಮಗಳು ‘ಗಿಲ್ಮೋರ್ ಗರ್ಲ್ಸ್’ ಎಂಬ ಇಂಗ್ಲಿಷ್ ಧಾರಾವಾಹಿಯ ಹಿಂದೆ ಬಿದ್ದಿದ್ದಾಳೆ. ಒಮ್ಮೆ ಪೂರ್ತಿ ನೋಡಿ ಮುಗಿಸಿದಳು, ಮತ್ತೆ ಮೊದಲಿನಿಂದ ನೋಡಿದಳು, ಈಗ ಮೂರನೇ ಸಲ. ಊಟ ಮಾಡುವಾಗಲೂ ಅದೇ, ಮಲಗುವಾಗಲೂ ಅದೇ. ಪರೀಕ್ಷೆ ಹತ್ತಿರ ಬರ್ತಾ ಉಂಟು. ಕಳೆದ ತಿಂಗಳು ನಾನು ಏನೋ ಬೈದಾಗ, ‘ನೀನ್ಯಾಕೆ ಲೊರೆಲೈ ಹಾಗೆ ಇಲ್ಲ?’ ಎಂದು ಕೇಳಿಬಿಟ್ಟಳು. ಲೊರೆಲೈ ಅಂದರೆ ಅದರಲ್ಲಿ ಬರುವ ತಾಯಿ. ಎರಡು ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಅವಳೇ ಹಠ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡು ಸುಮಾರು 20 ಭಾಗ ತೋರಿಸಿದಳು. ಸಬ್‌ಟೈಟಲ್ ಓದುವಷ್ಟರಲ್ಲಿ ಅವರ ಮಾತು ಮುಗಿದಿರುತ್ತದೆ. ಆದರೂ ನಿಜ ಹೇಳಬೇಕೆಂದರೆ ಇಷ್ಟವಾಯಿತು. ಆ ಅಜ್ಜಿ ಹಳೆಯ ಶೆಡ್ ನೋಡುವ ಕಡೆ ನನಗೆ ಅಳು ಬಂತು, ಯಾಕೆಂದು ಗೊತ್ತಿಲ್ಲ. (ನಾನು ಇಷ್ಟಪಟ್ಟು ಮದುವೆಯಾದವಳು. 4 ವರ್ಷ ಅಮ್ಮ ನನ್ನ ಮನೆಗೆ ಬಂದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ.) ಜನರಿಗೆ ಇದರಲ್ಲಿ ಇಷ್ಟು ಹುಚ್ಚು ಯಾಕೆ? ಮಗಳು ಎದುರುಮಾತು ಕಲಿಯುತ್ತಿದ್ದಾಳಾ? ನಾನು ಅವಳಿಗೆ ಫ್ರೆಂಡ್ ಹಾಗೆ ಇರಬೇಕಾ? ‘ತಾಯಿ ತಾಯಿಯ ಹಾಗೆ ಇದ್ದರೆ ಸಾಕು’ ಅನ್ನುತ್ತಾರೆ ನನ್ನ ಅಮ್ಮ. ಪರೀಕ್ಷೆ ಮುಗಿಯುವವರೆಗೆ ಬಂದ್ ಮಾಡಿಸಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಮಗಳ ಬಗ್ಗೆ ಬರೆದ ಪತ್ರ ಅನ್ನಿಸಿತು. ಎರಡನೇ ಸಲ ಓದುವಾಗ ಕಂಸದೊಳಗೆ ನೀವು ಹಾಕಿದ ಆ ಮೂರು ಸಾಲು ಕಣ್ಣಿಗೆ ಬಿತ್ತು. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ನೀವು ಕೇಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ನಾನು ಮಂಗಳೂರಿನಲ್ಲಿ 22 ವರ್ಷಗಳಿಂದ ಕುಟುಂಬಗಳಿಗೆ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಈ ಧಾರಾವಾಹಿಯ ಹೆಸರು ನನಗೆ ಗೊತ್ತಾದದ್ದು ಹುಡುಗಿಯರ ಬಾಯಿಂದಲೇ. ಬೇರೆ ಬೇರೆ ವರ್ಷ ಬಂದವರು, ಒಬ್ಬರಿಗೊಬ್ಬರು ಪರಿಚಯ ಇಲ್ಲದವರು, ಅಮ್ಮನ ಬಗ್ಗೆ ಮಾತಾಡುವಾಗ ಇದೇ ಹೆಸರು ಹೇಳುತ್ತಿದ್ದರು. ನಾಲ್ಕನೆಯವಳು ಹೇಳಿದ ಮೇಲೆ ನಾನೇ ನೋಡಲು ಕೂತೆ. ಒಂದು ಮಳೆಗಾಲ ಸಾಲಲಿಲ್ಲ. 153 ಭಾಗಗಳು ಅಲ್ವಾ! ಹಾಗಾಗಿ ನಾನು ಈಗ ಹೇಳುವುದು ದೂರದಿಂದ ನೋಡಿ ಹೇಳುವ ಮಾತಲ್ಲ. ನನಗೂ ಅದು ತುಂಬಾ ಇಷ್ಟ.

ಮೊದಲು ಎದುರುಮಾತಿನ ವಿಷಯ.

ಆ ತಾಯಿ ಮಗಳು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಮಾತಿನ ಮೇಲೆ ಮಾತು, ತಮಾಷೆ ಮೇಲೆ ತಮಾಷೆ. ಇದನ್ನು ಸೃಷ್ಟಿಸಿದ ಏಮಿ ಶರ್ಮನ್-ಪಲ್ಲಾಡಿನೊ ಅವರ ಬರವಣಿಗೆಯ ಗುರುತೇ ಅದು. ಅಮೆರಿಕದಲ್ಲಿ ಒಂದು ಗಂಟೆಯ ಧಾರಾವಾಹಿಗೆ ಸಾಮಾನ್ಯವಾಗಿ 45ರಿಂದ 50 ಪುಟ ಬರೆದರೆ ಸಾಕು. ಇದರ ಒಂದೊಂದು ಭಾಗಕ್ಕೆ 70-80 ಪುಟ ಬರೆಯುತ್ತಿದ್ದರಂತೆ. ಅಷ್ಟನ್ನೂ ಅದೇ ಸಮಯದಲ್ಲಿ ಹೇಳಿ ಮುಗಿಸಬೇಕು. ನಿಮಗೆ ಸಬ್‌ಟೈಟಲ್ ಕೈಗೆ ಸಿಗದಿದ್ದುದು ನಿಮ್ಮ ಇಂಗ್ಲಿಷಿನ ತಪ್ಪಲ್ಲ. ಆ ಮಾತುಗಳನ್ನು ಯಾರೋ ವಾರಗಟ್ಟಲೆ ಕೂತು ಬರೆದಿದ್ದಾರೆ, ನಟಿಯರು ಬಾಯಿಪಾಠ ಮಾಡಿದ್ದಾರೆ, ತಪ್ಪಿದರೆ ಮತ್ತೆ ಮೊದಲಿನಿಂದ ಶೂಟ್ ಮಾಡಿದ್ದಾರೆ. ಸಂಜೆ ಆರೂವರೆಗೆ ಬಸ್ಸಿಳಿದು, ಮನೆಗೆ ನಡೆದು, ರಾತ್ರಿಯ ಸಾರಿಗೆ ಕಾಯಿ ತುರಿಯುತ್ತಾ ನಿಂತ ನೀವು ಅದೇ ವೇಗದಲ್ಲಿ ಚಟಪಟ ಉತ್ತರ ಕೊಡಬೇಕು ಅಂತ ಯಾರೂ ಕೇಳುವ ಹಾಗಿಲ್ಲ. ನಿಮ್ಮ ಮಗಳೂ ಅದನ್ನು ಕೇಳುತ್ತಿಲ್ಲ.

ಇನ್ನು, ಚುರುಕು ಮಾತೂ ಎದುರುಮಾತೂ ಒಂದೇ ಅಂತ ನಾವು ತಿಳಿದುಕೊಂಡಿದ್ದೇವೆ. ಅದು ತಪ್ಪು. ಎದುರುಮಾತು ಅಂದರೆ ಮಾತನ್ನು ಅಲ್ಲಿಗೇ ಮುಗಿಸಲು ಆಡುವ ಮಾತು. ‘ನಿನಗೆ ಎಂಥದೂ ಗೊತ್ತಾಗುವುದಿಲ್ಲ’ ಅಂತ ಹೇಳಿ ಬಾಗಿಲು ಹಾಕಿಕೊಳ್ಳುವುದು. ತಮಾಷೆಯಾಗಿ ತಿರುಗಿ ಹೇಳುವವಳಿಗೆ ಮಾತು ಇನ್ನೂ ಮುಂದುವರಿಯಬೇಕು ಅಂತ ಇರುತ್ತದೆ. ನಿಮ್ಮ ಮಗಳು ‘ನೀನ್ಯಾಕೆ ಆ ಅಮ್ಮನ ಹಾಗೆ ಇಲ್ಲ’ ಎಂದು ಕೇಳಿದಳು ನಿಜ, ಚುಚ್ಚುವ ಮಾತೇ ಅದು, ನಿಮಗೆ ನೋವಾದದ್ದು ಸಹಜ. ಆದರೆ ಆಮೇಲೆ ಏನು ಮಾಡಿದಳು ನೋಡಿ. ಹಠ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡು 20 ಭಾಗ ತೋರಿಸಿದಳು. ಹದಿನೇಳರ ಮಕ್ಕಳು ತಮಗೆ ತುಂಬಾ ಇಷ್ಟವಾದದ್ದನ್ನು ಅಮ್ಮನಿಗೆ ತೋರಿಸುವುದು ಅಪರೂಪ, ಅಮ್ಮ ನಕ್ಕುಬಿಟ್ಟರೆ ಅಂತ ಹೆದರಿಕೆ ಇರುತ್ತದೆ. ನನ್ನ ಹತ್ತಿರ ಬರುವ ಎಷ್ಟೋ ತಾಯಂದಿರಿಗೆ ಮಗಳು ಏನು ನೋಡುತ್ತಾಳೆ ಎನ್ನುವುದೇ ಗೊತ್ತಿರುವುದಿಲ್ಲ.

ಜನರಿಗೆ ಇದರ ಹುಚ್ಚು ಯಾಕೆ ಎಂದು ಕೇಳಿದ್ದೀರಿ. ನನಗೆ ಕಂಡದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗಬಹುದು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನಮಗೆ ತಾಳಮದ್ದಳೆ ಗೊತ್ತು. ವಾಲಿ ವಧೆ ಪ್ರಸಂಗ ಅಂದರೆ ವಾಲಿ ಸಾಯುತ್ತಾನೆ ಅಂತ ಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ನಾಲ್ಕು ಜನ ಕೂತು ಮಾತಾಡುತ್ತಾರೆ ಅಷ್ಟೇ. ಆದರೂ ಮಳೆಗಾಲದ ರಾತ್ರಿ ಕೊಡೆ ಹಿಡಿದುಕೊಂಡು ಹೋಗಿ ಕೂತು ಕೇಳುತ್ತೇವೆ, ಬಾಣ ತಾಗಿ ಬಿದ್ದ ವಾಲಿ ಇವತ್ತು ಯಾವ ಪ್ರಶ್ನೆ ಎತ್ತುತ್ತಾನೆ, ರಾಮ ಅದಕ್ಕೆ ಏನು ಹೇಳುತ್ತಾನೆ ಅಂತ. ಕಥೆಗಲ್ಲ, ಮಾತಿಗೆ ಹೋಗುವುದು. ಆ ಧಾರಾವಾಹಿಯಲ್ಲೂ ಕಥೆ ಅಂತ ದೊಡ್ಡದು ಏನಿಲ್ಲ. ಕಾಫಿ ಕುಡಿಯುತ್ತಾರೆ, ಊರಿನ ಸಭೆಗೆ ಹೋಗುತ್ತಾರೆ, ಪ್ರೀತಿ ಮಾಡುತ್ತಾರೆ, ಜಗಳವಾಡುತ್ತಾರೆ, ಮತ್ತೆ ಕಾಫಿ. ಕೊಲೆ ಇಲ್ಲ, ವಿಷ ಹಾಕುವ ಅತ್ತೆ ಇಲ್ಲ. ಮಾತು ಕೇಳಲಿಕ್ಕೆಂದೇ ಜನ ಕೂರುತ್ತಾರೆ.

ಇನ್ನೊಂದು, ಆ ಊರು. ಸ್ಟಾರ್ಸ್ ಹಾಲೋ ಎಂಬ ಸಣ್ಣ ಊರು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿದೆ ಅಂತ ಕಥೆ, ಶೂಟಿಂಗ್ ನಡೆದದ್ದು ಮಾತ್ರ ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ. ಅಲ್ಲಿ ಎಲ್ಲರಿಗೂ ಎಲ್ಲರ ಸುದ್ದಿ ಬೇಕು. ಹೋಟೆಲಿನವ ಲ್ಯೂಕ್‌ಗೆ ಇವರು ಎಷ್ಟು ಕಾಫಿ ಕುಡಿಯುತ್ತಾರೆ ಎಂಬ ಲೆಕ್ಕ ಗೊತ್ತು, ಹುಡುಗಿ ಯಾರ ಜೊತೆ ನಡೆದುಕೊಂಡು ಹೋದಳು ಎಂಬುದು ಅವಳು ಮನೆ ಮುಟ್ಟುವ ಮೊದಲೇ ಅಮ್ಮನಿಗೆ ಗೊತ್ತು. ನಮ್ಮಲ್ಲೂ ಹಾಗೇ ಅಲ್ವಾ? ಕಾಪುವಿನಲ್ಲಿ ಬಸ್ ಹತ್ತಿದ ಸುದ್ದಿ ಕಟಪಾಡಿ ಮುಟ್ಟುವಾಗ ಮನೆಗೆ ತಲುಪಿರುತ್ತದೆ. ಅದರಿಂದ ನಮ್ಮ ಹುಡುಗಿಯರಿಗೆ ಉಸಿರು ಕಟ್ಟುತ್ತದೆ. ಆದರೆ ಪರದೆಯ ಮೇಲಿನ ಆ ಊರಿನಲ್ಲಿ ಜನ ಸುದ್ದಿ ತಿಳಿದುಕೊಂಡ ಮೇಲೂ ಹುಡುಗಿಯ ಪಕ್ಷದಲ್ಲೇ ನಿಲ್ಲುತ್ತಾರೆ. ಅವಳು ಕಾಲೇಜಿಗೆ ಹೋಗುವುದು ಊರಿಗೇ ಸಂಭ್ರಮ. ತಪ್ಪು ಮಾಡಿದರೂ ಊರು ಅವಳನ್ನು ಬಿಟ್ಟುಹಾಕುವುದಿಲ್ಲ. ಇಷ್ಟು ಸಿಕ್ಕಿದರೆ ಯಾರಿಗೆ ಬೇಡ?

ಮತ್ತೆ, ಅಲ್ಲಿಯ ಹುಡುಗಿ ರೋರಿ ಓದುವ ಹುಡುಗಿ. ಸದಾ ಕೈಯಲ್ಲಿ ಪುಸ್ತಕ. ಅವಳ ಓದಿಗೆ ಯಾರೂ ನಗುವುದಿಲ್ಲ. ನಿಮ್ಮ ಮಗಳಿಗೆ ಇದು ಎಷ್ಟು ಮುಖ್ಯವೋ ನನಗೆ ಗೊತ್ತಿಲ್ಲ, ನನ್ನ ಹತ್ತಿರ ಬಂದ ಹುಡುಗಿಯರಲ್ಲಿ ಇಬ್ಬರು ಇದನ್ನೇ ಹೇಳಿದ್ದರು.

ಆದರೆ ಇದೆಲ್ಲ ಮೇಲಿನ ಪದರ. ಒಳಗಿನದು ಬೇರೆ. ಇದನ್ನು ತಾಯಿ ಮಗಳ ಕಥೆ ಎಂದು ಎಲ್ಲರೂ ಹೇಳುತ್ತಾರೆ, ಹೆಸರೂ ಹಾಗೇ ಕೇಳಿಸುತ್ತದೆ. ನಿಜವಾಗಿ ಇದು ಮೂರು ಹೆಂಗಸರ ಕಥೆ. ಲೊರೆಲೈ 16ನೇ ವಯಸ್ಸಿಗೆ ಬಸುರಿಯಾಗುತ್ತಾಳೆ. ಶ್ರೀಮಂತ ತಂದೆತಾಯಿಯ ಮನೆ ಬಿಟ್ಟು ಹಸುಗೂಸನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗುತ್ತಾಳೆ. ಅಲ್ಲಿಯ ಒಂದು ವಸತಿಗೃಹದಲ್ಲಿ ಕೋಣೆ ಗುಡಿಸುವ ಕೆಲಸಕ್ಕೆ ಸೇರಿ, ಅದೇ ವಸತಿಗೃಹದ ಮ್ಯಾನೇಜರ್ ಆಗುವವರೆಗೆ ಬೆಳೆಯುತ್ತಾಳೆ. ಮಗಳಿಗೆ ಒಳ್ಳೆಯ ಖಾಸಗಿ ಶಾಲೆಯಲ್ಲಿ ಸೀಟು ಸಿಗುತ್ತದೆ, ಫೀಸಿಗೆ ದುಡ್ಡಿಲ್ಲ. ಅಷ್ಟು ವರ್ಷ ದೂರ ಇಟ್ಟ ಅಮ್ಮನ ಮನೆ ಬಾಗಿಲಿಗೇ ಹೋಗಿ ಸಾಲ ಕೇಳಬೇಕಾಗುತ್ತದೆ. ತಾಯಿ ಎಮಿಲಿ ಕೊಡುತ್ತಾಳೆ, ಒಂದು ಷರತ್ತಿನ ಮೇಲೆ. ಪ್ರತಿ ಶುಕ್ರವಾರ ರಾತ್ರಿ ಇಬ್ಬರೂ ಊಟಕ್ಕೆ ಬರಬೇಕು.

ಮೊದಲ ಭಾಗದಲ್ಲೇ ಬರುವ ಆ ಊಟ 7 ಸೀಸನ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಎಮಿಲಿಗೆ ದುಡ್ಡು ವಾಪಸ್ ಬರುವುದು ಬೇಕಾಗಿಲ್ಲ. ಮಗಳು ವಾರಕ್ಕೊಮ್ಮೆ ಎದುರಿಗೆ ಕೂತು ಉಣ್ಣಬೇಕು. ಬಾಯಿಬಿಟ್ಟು ಹಾಗೆ ಕೇಳಲು ಆಗುವುದಿಲ್ಲ, ಅದಕ್ಕೆ ಷರತ್ತು ಹಾಕುತ್ತಾಳೆ. ನಮ್ಮ ಹಳೆಯ ತಲೆಮಾರಿನ ಹೆಂಗಸರಲ್ಲಿ ಎಷ್ಟು ಜನ ಹೀಗೆ! ‘ನೋಡಬೇಕು ಅನ್ನಿಸ್ತಾ ಇದೆ, ಬಾ’ ಅನ್ನುವುದಿಲ್ಲ, ‘ಹಲಸಿನ ಹಣ್ಣು ಹಾಳಾಗ್ತಾ ಉಂಟು, ತೆಗೆದುಕೊಂಡು ಹೋಗು’ ಅನ್ನುತ್ತಾರೆ.

ಒಂದು ಸಣ್ಣ ವಿಷಯ ಇಲ್ಲಿ ಸೇರಿಸಬೇಕು. ರೋರಿಯ ಪೂರ್ತಿ ಹೆಸರೂ ಲೊರೆಲೈ. ತಾಯಿ ತನ್ನ ಹೆಸರನ್ನೇ ಮಗಳಿಗೆ ಇಟ್ಟಿದ್ದಾಳೆ. ಅಲ್ಲಿಯವರಿಗೆ ಅದು ಹೊಸದು. ನಮ್ಮ ತುಳುನಾಡಿನಲ್ಲಿ ಅಳಿಯಸಂತಾನದ ಮನೆಗಳಿಗೆ ಇದು ಹಳೆಯ ಮಾತು. ಬರಿ, ಅಂದರೆ ಗೋತ್ರದ ಹಾಗಿರುವ ವಂಶದ ಹೆಸರು, ಬರುವುದು ಅಮ್ಮನಿಂದ, ಮನೆತನ ನಡೆಯುವುದು ಹೆಣ್ಣುಮಕ್ಕಳ ಮೂಲಕ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಯ ಲೆಕ್ಕ ಬದಲಾಯಿತು, ಆದರೆ ಅಜ್ಜಿ, ಅಮ್ಮ, ಮಗಳು ಒಂದೇ ಸೂರಿನಡಿ ಇದ್ದು ಮನೆ ನಡೆಸುವುದು ನಮ್ಮಲ್ಲಿ ನಿಂತಿಲ್ಲ. ಗಂಡಸರು ಗಲ್ಫ್‌ನಲ್ಲೋ ಹಡಗಿನಲ್ಲೋ ಇರುವ ಮನೆಗಳಲ್ಲಂತೂ ಹೀಗೇ. ನಿಮ್ಮ ಮನೆಯೂ ಅದೇ. ಮಗಳು ನೋಡುತ್ತಿರುವುದು ದೂರದ ಅಮೆರಿಕವನ್ನು ಅಂತ ನಿಮಗೆ ಅನ್ನಿಸಬಹುದು. ಅವಳಿಗೆ ಅಲ್ಲಿ ಕಾಣುತ್ತಿರುವುದು ಬಹುಶಃ ನಿಮ್ಮ ಮನೆಯ ಊಟದ ಮೇಜು.

ಇನ್ನು ಫ್ರೆಂಡ್ ಆಗಬೇಕಾ ಎನ್ನುವ ಪ್ರಶ್ನೆ. ಇಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ, ನೋಡುವವರಲ್ಲೂ ಇದೆ.

ತಾಯಿ ಮಗಳು ಸ್ನೇಹಿತೆಯರ ಹಾಗೆ ಇದ್ದರೆ ಹೇಗೆ ಎಂಬ ಯೋಚನೆಯಿಂದಲೇ ಆ ಧಾರಾವಾಹಿ ಹುಟ್ಟಿದ್ದು ನಿಜ. ಆದರೆ ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮಗಳನ್ನೇ ಕೇಳಿ, ಅವಳಿಗೆ ಬಾಯಿಪಾಠ ಇರುತ್ತದೆ. ಐದನೇ ಸೀಸನ್ನಿನ ಕೊನೆಗೆ ರೋರಿಗೆ ಒಂದು ದೊಡ್ಡ ಸೋಲಾಗುತ್ತದೆ, ನೀನು ಪತ್ರಕರ್ತೆ ಆಗಲಾರೆ ಅಂತ ಒಬ್ಬ ದೊಡ್ಡ ಮನುಷ್ಯ ಹೇಳಿಬಿಡುತ್ತಾನೆ. ಅವಳು ಯಾರದೋ ದೋಣಿ ಕದ್ದು ಪೊಲೀಸರ ಕೈಗೆ ಸಿಕ್ಕಿ, ಯೇಲ್ ವಿಶ್ವವಿದ್ಯಾಲಯ ಬಿಟ್ಟು, ಅಜ್ಜ ಅಜ್ಜಿಯ ಮನೆ ಸೇರುತ್ತಾಳೆ. ಆಗ ಲೊರೆಲೈ ‘ಆಯ್ತು ಬಿಡು’ ಅನ್ನುವುದಿಲ್ಲ. ಓದು ಬಿಡುವುದನ್ನು ಒಪ್ಪುವುದಿಲ್ಲ. ಅಷ್ಟು ಮಾತಾಡುತ್ತಿದ್ದ ಇಬ್ಬರೂ ತಿಂಗಳುಗಟ್ಟಲೆ ಮಾತು ಬಿಡುತ್ತಾರೆ. ಆರನೇ ಸೀಸನ್ನಿನಲ್ಲಿ ಹಲವು ಭಾಗ ಹಾಗೇ ನಡೆಯುತ್ತದೆ, ನೋಡಲು ಕಷ್ಟವಾಗುತ್ತದೆ. ನನ್ನ ಪ್ರಕಾರ ಲೊರೆಲೈ ಅತ್ಯಂತ ಹೆಚ್ಚು ತಾಯಿಯಾಗಿ ಕಾಣುವುದು ಆ ಭಾಗಗಳಲ್ಲಿ. ನಿಮ್ಮ ಅಮ್ಮ ಹೇಳಿದ ಮಾತಿಗೆ ಅಲ್ಲಿ ಜಾಗ ಇದೆ.

ಹಾಗಂತ ಬರೀ ಕಟ್ಟುನಿಟ್ಟು ಸಾಕಾ ಅಂದರೆ, ಅದಕ್ಕೂ ಅಲ್ಲೇ ಒಬ್ಬ ತಾಯಿ ಇದ್ದಾಳೆ. ರೋರಿಯ ಗೆಳತಿ ಲೇನ್‌ನ ಅಮ್ಮ, ಕೊರಿಯಾ ಮೂಲದ ಮಿಸೆಸ್ ಕಿಮ್. ಸಂಗೀತ ಕೇಳಬಾರದು, ಹುಡುಗರ ಜೊತೆ ಮಾತಾಡಬಾರದು, ಎಲ್ಲದಕ್ಕೂ ಬಾರದು. ಮಗಳು ಏನು ಮಾಡುತ್ತಾಳೆ? ತನ್ನ ಕೋಣೆಯ ನೆಲದ ಹಲಗೆ ಎತ್ತಿ ಅದರಡಿ ಸಿ.ಡಿ.ಗಳನ್ನು ಬಚ್ಚಿಡುತ್ತಾಳೆ. ನಾನು ಕೌನ್ಸೆಲಿಂಗಿನಲ್ಲಿ ನೋಡುವ ಬಹಳ ಮಕ್ಕಳಿಗೆ ಇಂಥ ನೆಲದಡಿಯ ಬದುಕು ಒಂದು ಇದೆ, ಈಗ ಅದು ಫೋನಿನ ಎರಡನೇ ಅಕೌಂಟ್ ಆಗಿದೆ ಅಷ್ಟೇ. ಅದೇ ಮಿಸೆಸ್ ಕಿಮ್ ಮುಂದೆ ಮಗಳ ಬ್ಯಾಂಡಿನ ಪ್ರವಾಸವನ್ನು ತಾನೇ ಕೂತು ಏರ್ಪಾಡು ಮಾಡುತ್ತಾಳೆ. ಆ ದೃಶ್ಯ ಬಂದಾಗ ನನಗೆ ಖುಷಿಯಲ್ಲಿ ಕಣ್ಣು ತುಂಬಿತ್ತು.

ಮನಶ್ಶಾಸ್ತ್ರದಲ್ಲಿ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಪ್ರೀತಿಯೂ ಇರಬೇಕು, ನಿಯಮವೂ ಇರಬೇಕು, ನಿಯಮ ಯಾಕೆ ಎಂದು ಮಗುವಿಗೆ ವಿವರಿಸುವ ತಾಳ್ಮೆಯೂ ಇರಬೇಕು. ಒಂದಿದ್ದು ಇನ್ನೊಂದಿಲ್ಲದ ಮನೆಗಳಲ್ಲಿ ತೊಂದರೆ ಜಾಸ್ತಿ. ಇದು ಪುಸ್ತಕದ ಮಾತು ಅಂತ ಬಿಡಬೇಡಿ, 22 ವರ್ಷದಲ್ಲಿ ನಾನು ನೋಡಿದ್ದೂ ಇದನ್ನೇ.

ಫ್ರೆಂಡ್ ಆಗಲು ಹೋಗುವ ತಾಯಂದಿರ ಬಗ್ಗೆ ನನಗೆ ಒಂದು ಹೆದರಿಕೆ ಇದೆ. ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ಹತ್ತನೇ ಕ್ಲಾಸು. ಪ್ರತಿ ಸೋಮವಾರ ಹೊಟ್ಟೆನೋವು. ಸ್ಕ್ಯಾನ್ ಎಲ್ಲ ಸರಿ ಇತ್ತು. ಅವಳ ಅಮ್ಮ ‘ನಾವಿಬ್ಬರು ಫ್ರೆಂಡ್ಸ್ ಥರ, ನಾನು ಅವಳಿಂದ ಏನೂ ಮುಚ್ಚಿಡುವುದಿಲ್ಲ’ ಎಂದು ಖುಷಿಯಿಂದಲೇ ಹೇಳಿದರು. ಮುಚ್ಚಿಡದೆ ಹೇಳಿದ್ದು ಏನು? ಅಪ್ಪ ದುಡ್ಡು ಕಳಿಸದ್ದು, ಅತ್ತೆ ಆಡಿದ ಮಾತು, ಬ್ಯಾಂಕಿನ ಸಾಲ, ಒಂದು ಸಲ ‘ನೀನಿಲ್ಲದಿದ್ದರೆ ನಾನು ಎಂದೋ ಮನೆ ಬಿಡುತ್ತಿದ್ದೆ’ ಎಂದು ಕೂಡ. ಹುಡುಗಿ ಭಾನುವಾರ ಪೂರ್ತಿ ಅಮ್ಮನ ದುಃಖ ಕೇಳುತ್ತಿದ್ದಳು, ಸೋಮವಾರ ಹೊಟ್ಟೆ ಹಿಡಿದು ಮಲಗುತ್ತಿದ್ದಳು. ಆ ತಾಯಿಯೂ ಕೆಟ್ಟವರಲ್ಲ, ಅವರಿಗೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಸಾಲ್ವಡಾರ್ ಮಿನೂಚಿನ್ ಎಂಬ ಕುಟುಂಬ ಚಿಕಿತ್ಸಕರು ಮನೆಯೊಳಗೆ ದೊಡ್ಡವರಿಗೂ ಮಕ್ಕಳಿಗೂ ನಡುವೆ ಒಂದು ಗೆರೆ ಬೇಕು ಎನ್ನುತ್ತಿದ್ದರು. ಗೋಡೆ ಅಲ್ಲ, ಗೆರೆ. ಆಚೆ ಈಚೆ ಓಡಾಡಬಹುದು, ಆದರೆ ಯಾರು ಯಾವ ಕಡೆಯವರು ಎಂಬುದು ಗೊತ್ತಿರಬೇಕು.

ಗಂಡ ದೂರ ಇರುವ ಮನೆಗಳಲ್ಲಿ ಆ ಗೆರೆ ಅಳಿಸಿಹೋಗುವುದು ತುಂಬಾ ಸುಲಭ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂರನೇ ಸಲ ನೋಡುವುದು ಚಟವಾ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಆ ಚಿಂತೆ ಇದೆ. ನೋಡಿದ್ದನ್ನೇ ನೋಡುವುದರಲ್ಲಿ ಒಂದು ನೆಮ್ಮದಿ ಇದೆ. ಮುಂದೆ ಏನಾಗುತ್ತದೆ ಎಂದು ಗೊತ್ತು, ಎದೆ ಹೊಡೆದುಕೊಳ್ಳುವುದಿಲ್ಲ. ಪಿಯುಸಿ ಫಲಿತಾಂಶ, ಸಿಇಟಿ ರ‍್ಯಾಂಕ್, ಮುಂದೆ ಯಾವ ಊರು, ಒಂದೂ ಗೊತ್ತಿಲ್ಲದ ವಯಸ್ಸಿನಲ್ಲಿ ಗೊತ್ತಿರುವ ಒಂದು ಕಥೆಯೊಳಗೆ ಹೋಗಿ ಕೂರುವುದು ತಪ್ಪೇನಲ್ಲ. ಪರದೆಯ ಮೇಲಿನವರನ್ನು ನಮ್ಮವರೇ ಎಂದುಕೊಳ್ಳುವುದಕ್ಕೆ ಪ್ಯಾರಾಸೋಷಿಯಲ್ ಸಂಬಂಧ ಎಂಬ ಹೆಸರಿದೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲೇ ಅದರ ಬಗ್ಗೆ ಬರೆದರು, ಆಗ ಟಿವಿ ಇನ್ನೂ ಹೊಸದು. ಅದು ರೋಗವಲ್ಲ. ಮನೆಯ ಸಂಬಂಧಗಳನ್ನು ಬಿಟ್ಟು ಪೂರ್ತಿ ಅದರೊಳಗೇ ಇದ್ದುಬಿಟ್ಟರೆ ಯೋಚನೆ ಮಾಡಬೇಕು. ನಿಮ್ಮ ಮಗಳು ನಿಮ್ಮನ್ನೂ ಅದರೊಳಗೆ ಎಳೆಯುತ್ತಿದ್ದಾಳೆ, ಅದು ಬೇರೆ.

ನನಗೆ ಚಿಂತೆ ಆದದ್ದು ‘ಮಲಗುವಾಗಲೂ ಅದೇ’ ಎಂಬಲ್ಲಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದು ಭಾಗ ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ, ಗಂಟೆ ಒಂದಾಗುತ್ತದೆ. ಅದರ ಜೊತೆ ಅವರನ್ನು ನೋಡಿ ರಾತ್ರಿ ಕಾಫಿ ಕುಡಿಯುವ ಅಭ್ಯಾಸವೂ ಸೇರಿದ್ದರೆ ಇನ್ನೂ ಕಷ್ಟ. ಆ ತಾಯಿ ಮಗಳು ದಿನವಿಡೀ ಕಾಫಿ, ಪಿಜ್ಜಾ, ಸಿಹಿ ತಿಂದೂ ಆರಾಮವಾಗಿರುತ್ತಾರೆ. ಅದು ಟಿವಿಯಲ್ಲಿ ಮಾತ್ರ ಸಾಧ್ಯ.

ಹಾಗಾದರೆ ಏನು ಮಾಡುವುದು?

ಬಂದ್ ಮಾಡಿಸಬಹುದು. ನಿಮಗೆ ಆ ಹಕ್ಕಿದೆ. ಪರೀಕ್ಷೆಗೆ ಅದರಿಂದ ಸ್ವಲ್ಪ ಸಮಯ ಸಿಗಲೂಬಹುದು. ಆದರೆ ಈಗ ನಿಮ್ಮಿಬ್ಬರ ನಡುವೆ ಮಾತಿಗೆ ಇರುವ ಒಂದೇ ಕಿಟಕಿ ಅದು, ಅದನ್ನೇ ಮುಚ್ಚಿದರೆ ಅವಳು ಹೆಡ್‌ಸೆಟ್ ಹಾಕಿಕೊಂಡು ಬೇರೆ ಏನನ್ನೋ ನೋಡುತ್ತಾಳೆ, ನಿಮಗೆ ತೋರಿಸದೆ. ಬಂದ್ ಮಾಡಿಸಿದ ಮನೆಗಳಲ್ಲಿ ಮೊದಲ ವಾರ ಸರಿ ಇರುತ್ತದೆ, ಮೂರನೇ ವಾರ ನನಗೆ ಫೋನ್ ಬರುತ್ತದೆ. ಸುಮ್ನೆ ಬಿಟ್ಟುಬಿಡುವುದೂ ಒಂದು ದಾರಿ, ವಯಸ್ಸಿನ ಹುಚ್ಚು, ಹೋಗುತ್ತದೆ ಎಂದು. ಹೋಗುತ್ತದೆ ಕೂಡ. ಆದರೆ ಅವಳು ಕೇಳಿದ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ, ಆ ವಯಸ್ಸಿನಲ್ಲಿ ಕೇಳಿ ಉತ್ತರ ಸಿಗದ ಪ್ರಶ್ನೆಯನ್ನು ಮಕ್ಕಳು ಮರೆಯುವುದಿಲ್ಲ. ಇನ್ನು ಲೊರೆಲೈ ಆಗಲು ಪ್ರಯತ್ನಿಸುವುದು. ದಯವಿಟ್ಟು ಬೇಡ. ಎರಡು ದಿನದಲ್ಲಿ ಮಗಳಿಗೆ ಗೊತ್ತಾಗುತ್ತದೆ, ಅವಳಿಗೂ ಮುಜುಗರ, ನಿಮಗೂ ಸುಸ್ತು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ರಾತ್ರಿ ಹತ್ತೂವರೆಯ ನಂತರ ಫೋನ್ ಹಾಲ್‌ನಲ್ಲಿ ಚಾರ್ಜಿಗೆ, ನಿಮ್ಮದೂ ಅಲ್ಲೇ. ಇದು ನಿಯಮ, ಯಾಕೆ ಎಂದು ಒಂದು ಸಲ ಹೇಳಿ, ಆಮೇಲೆ ಚರ್ಚೆ ಬೇಡ. ಗಂಡನ ಕಾಲ್ ಆ ಹೊತ್ತಿಗೇ ಬರುವುದಾದರೆ ಅವರಿಗೂ ಹೇಳಿ ಸ್ವಲ್ಪ ಮುಂಚೆ ಮಾಡಿಸಿ, ಮಸ್ಕತ್‌ನಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಇದೆ, ಹೊಂದಿಸಿಕೊಳ್ಳಬಹುದು. ಊಟದ ಹೊತ್ತಿಗೆ ಪರದೆ ಬೇಡ. ವಾರದಲ್ಲಿ ಒಂದು ಭಾಗ ಇಬ್ಬರೂ ಕೂತು ನೋಡಿ, ಪರೀಕ್ಷೆಯ ತಿಂಗಳಲ್ಲೂ. 45 ನಿಮಿಷದಿಂದ ಯಾರ ರ‍್ಯಾಂಕೂ ಹೋಗುವುದಿಲ್ಲ. ನೋಡುವಾಗ ಪಾಠ ಹೇಳಬೇಡಿ. ‘ನೋಡಿದಿಯಾ, ಅವಳು ಹೇಗೆ ಓದುತ್ತಾಳೆ’ ಅಂದರೆ ಅವತ್ತಿಗೆ ಮುಗಿಯಿತು. ‘ನೀನಾಗಿದ್ದರೆ ಏನು ಹೇಳುತ್ತಿದ್ದೆ?’ ಎಂದು ಕೇಳಿ, ಕೇಳಿದ ಮೇಲೆ ಅವಳ ಉತ್ತರ ಮುಗಿಯುವವರೆಗೆ ಸುಮ್ಮನಿರಿ. ಈ ಎರಡನೆಯದು ಕಷ್ಟ, ನನಗೂ ವರ್ಷಗಳು ಬೇಕಾದವು.

ಊಟ ಬಿಡುವುದು, ಗೆಳತಿಯರನ್ನು ದೂರ ಮಾಡುವುದು, ಎರಡು ವಾರ ಕಳೆದರೂ ಹೋಗದ ಬೇಸರ, ಬದುಕು ಬೇಡ ಎನ್ನುವ ಮಾತು, ಇಂಥದ್ದು ಕಂಡರೆ ಅದು ಧಾರಾವಾಹಿಯ ವಿಷಯ ಅಲ್ಲ. ತಡ ಮಾಡದೆ ವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ.

ಈಗ ಆ ಶೆಡ್.

ಮೊದಲ ಸೀಸನ್ನಿನ ಕೊನೆಯ ಹೊತ್ತಿಗೆ ಬರುತ್ತದೆ ಅದು. ರೋರಿ ತನ್ನ ಅಜ್ಜಿಗೆ ಊರು ತೋರಿಸುತ್ತಾ, ತಾನು ಕೂಸಾಗಿದ್ದಾಗ ಅಮ್ಮನ ಜೊತೆ ಇದ್ದ ಜಾಗ ಇದೇ ಎಂದು ವಸತಿಗೃಹದ ಹಿಂದಿನ ಪುಟ್ಟ ಶೆಡ್ಡನ್ನು ತೋರಿಸುತ್ತಾಳೆ. ಹುಡುಗಿಗೆ ಅದು ಪ್ರೀತಿಯ ನೆನಪು. ಎಮಿಲಿಗೆ ಮಾತೇ ಹೊರಡುವುದಿಲ್ಲ. ಅಷ್ಟು ದೊಡ್ಡ ಮನೆ ಇರುವಾಗ ತನ್ನ ಮಗಳು ಗಿಡದ ಕುಂಡ ಇಡುವ ಜಾಗದಲ್ಲಿ ಮಗು ಮಲಗಿಸಿದಳು, ನಮ್ಮಿಂದ ಅಷ್ಟು ದೂರ ಹೋಗಬೇಕಿತ್ತಾ ಅವಳಿಗೆ, ಎಂಬುದು ಅವಳ ಮುಖದಲ್ಲಿ ಕಾಣುತ್ತದೆ. ಕೆಲ್ಲಿ ಬಿಷಪ್ ಎಂಬ ನಟಿ ಆ ಪಾತ್ರ ಮಾಡಿದ್ದಾರೆ, ಆ ದೃಶ್ಯದಲ್ಲಿ ಅವರನ್ನು ಮರೆಯಲು ಸಾಧ್ಯವಿಲ್ಲ.

ನೀವು ಯಾಕೆ ಅತ್ತಿರಿ ಎಂದು ಗೊತ್ತಿಲ್ಲ ಎಂದು ಬರೆದು, ಮುಂದಿನ ಸಾಲಿನಲ್ಲೇ ಕಾರಣ ಬರೆದಿದ್ದೀರಿ. ನಿಮಗೂ ಅಂಥ 4 ವರ್ಷ ಇದೆ. ಆಗ ನೀವು ಬಾಡಿಗೆಗಿದ್ದ ಮನೆಯನ್ನು ನಿಮ್ಮ ಅಮ್ಮ ನೋಡಿಲ್ಲ. ಈಗ ಒಂದೇ ಮನೆಯಲ್ಲಿದ್ದೀರಿ, ಅವರ ಔಷಧಿ ನೀವು ತರುತ್ತೀರಿ, ನಿಮ್ಮ ಮಗಳಿಗೆ ಅವರು ಎಣ್ಣೆ ಹಚ್ಚುತ್ತಾರೆ, ಆ 4 ವರ್ಷದ ಮಾತು ಮಾತ್ರ ಯಾರೂ ಎತ್ತಿಲ್ಲ. ಸರಿಯಾ?

ಈ ಧಾರಾವಾಹಿ ಶುರುವಾದದ್ದು 2000ದ ಅಕ್ಟೋಬರ್‌ನಲ್ಲಿ, ಮುಗಿದದ್ದು 2007ರ ಮೇ ತಿಂಗಳಲ್ಲಿ, ಮತ್ತೆ 2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ನಾಲ್ಕು ಉದ್ದದ ಭಾಗ ಬಂತು. ಶುರುವಾದಾಗ ಹದಿನಾರರಲ್ಲಿ ನೋಡಿದವರು ಈಗ ನಲವತ್ತು ದಾಟಿದ್ದಾರೆ. ಮೊದಲು ಅವರಿಗೆ ರೋರಿ ಇಷ್ಟ, ಆಮೇಲೆ ಲೊರೆಲೈ ಸರಿ ಅನ್ನಿಸಿತು, ಈಗ ಎಮಿಲಿಯ ಕಷ್ಟ ಅರ್ಥವಾಗುತ್ತಿದೆ ಎಂದು ಹೇಳುವವರು ಬಹಳ. ನೀವು ಒಂದೇ ಸಲಕ್ಕೆ ಮೂವರನ್ನೂ ನೋಡಿಬಿಟ್ಟಿರಿ. ಮಗಳ ಎದುರು ನೀವು ಅಮ್ಮ, ಒಳಕೋಣೆಯಲ್ಲಿ ಮಲಗಿರುವವರಿಗೆ ನೀವು ಇನ್ನೂ ಮನೆ ಬಿಟ್ಟು ಹೋದ ಮಗಳು.

ಆ 4 ವರ್ಷದ ಕಥೆ ನಿಮ್ಮ ಮಗಳಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಹೇಳಬಹುದು ಎಂದು ನನ್ನ ಅಭಿಪ್ರಾಯ. ಈಗಷ್ಟೇ ದುಃಖವನ್ನು ಮಕ್ಕಳ ಮೇಲೆ ಹಾಕಬೇಡಿ ಅಂದೆ, ಈಗ ಹೇಳಿ ಎನ್ನುತ್ತಿದ್ದೇನೆ ಅಂತ ಅನ್ನಿಸಬಹುದು. ವ್ಯತ್ಯಾಸ ಇದೆ. ಈಗ ನಡೆಯುತ್ತಿರುವ ಜಗಳವನ್ನು ಹೇಳಿದರೆ ಮಗು ಅದನ್ನು ಸರಿ ಮಾಡಲು ನಿಲ್ಲುತ್ತದೆ. ಮುಗಿದು ಹೋದದ್ದನ್ನು ಹೇಳಿದರೆ ಅದು ಕಥೆ, ಅವಳು ಅದರಲ್ಲಿ ಏನೂ ಮಾಡಬೇಕಾಗಿಲ್ಲ, ಕೇಳಿದರೆ ಸಾಕು. ಆದರೆ ಅದು ನಿಮ್ಮೊಬ್ಬರ ಕಥೆಯಲ್ಲ, ನಿಮ್ಮ ಅಮ್ಮನದೂ ಹೌದು. ಮೊದಲು ಅವರನ್ನು ಕೇಳಿ. ‘ಬೇಡ’ ಅಂದರೆ ಸ್ವಲ್ಪ ದಿನ ಬಿಡಿ. ಅವರಿಗೂ ಇಷ್ಟು ವರ್ಷ ಅದನ್ನು ಹೊತ್ತುಕೊಂಡದ್ದು ಇದೆ, ಒಮ್ಮೆಲೇ ಬಿಚ್ಚಿದರೆ ಅವರು ಕುಗ್ಗಬಹುದು, ಅಥವಾ ಹಳೆಯ ಸಿಟ್ಟು ಹೊಸದಾಗಿ ಏಳಬಹುದು. ಆ ಅಪಾಯ ಇದೆ, ಇಲ್ಲ ಎಂದು ಹೇಳಲಾರೆ. ಒಂದು ವೇಳೆ ಮಾತು ಬಿಗಡಾಯಿಸಿದರೆ ಮಗಳ ಎದುರು ಮುಂದುವರಿಸಬೇಡಿ.

ಮಗಳಿಗೆ ಉತ್ತರವನ್ನೂ ಕೊಟ್ಟುಬಿಡಿ. ‘ನೀನು ಅವತ್ತು ಕೇಳಿದೆಯಲ್ಲ, ನನಗೆ ತುಂಬಾ ನೋವಾಯಿತು. ನಾನು ಅವಳ ಹಾಗೆ ಇಲ್ಲ, ಅಷ್ಟು ಬೇಗ ಮಾತು ಬರುವುದಿಲ್ಲ ನನಗೆ. ಆದರೆ ನೀನು ಮಾತಾಡಿದರೆ ಕೇಳುತ್ತೇನೆ’ ಎಂದು. ನಿಮ್ಮ ಮನೆ ಮಾತಿನಲ್ಲಿ, ನಿಮಗೆ ಬಂದ ಹಾಗೆ. ನೋವಾಯಿತು ಎಂಬುದನ್ನು ಬಿಡಬೇಡಿ, ಅವಳಿಗೆ ಅದು ತಿಳಿಯಬೇಕು.

ವಾರಕ್ಕೊಮ್ಮೆ ನೋಡುವಾಗ ನಿಮ್ಮ ಅಮ್ಮನನ್ನೂ ಕರೆಯಿರಿ. ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಅವರು ಹೇಳಬಹುದು. ಮಗಳು ನಿಲ್ಲಿಸಿ ನಿಲ್ಲಿಸಿ ಮನೆ ಮಾತಿನಲ್ಲಿ ಹೇಳಲಿ, 45 ನಿಮಿಷದ್ದು ಒಂದೂವರೆ ಗಂಟೆಯಾದರೆ ಆಗಲಿ. ಮೊದಲ ಸೀಸನ್ನಿನ ಮೊದಲ ಭಾಗದಿಂದಲೇ ಶುರು ಮಾಡಿ. ಆ ಅಜ್ಜಿ ‘ಪ್ರತಿ ಶುಕ್ರವಾರ ಊಟಕ್ಕೆ ಬರಬೇಕು’ ಎಂದು ಹೇಳುವುದು ಅಲ್ಲಿಯೇ, ಅದನ್ನು ನಿಮ್ಮ ಮಗಳು ತನ್ನ ಅಜ್ಜಿಗೆ ಹೇಗೆ ಹೇಳುತ್ತಾಳೆ ಕೇಳಿ. ಆಮೇಲೆ ಏನಾಯಿತು ಎಂದು ನನಗೆ ಬರೆಯಿರಿ.